ಕಿಂಡಿ ತಲೆಯ ಗಿಟಾರ್‌ಗೆ ಹೊಸ ತಂತಿ ಹಾಕಿದ್ದು

ಜುಲೈ ತಿಂಗಳ ಒಂದು ಶನಿವಾರ. ಮೈಸೂರಿನಲ್ಲಿ ಮೂರು ದಿನದಿಂದ ಬಿಡದ ಮಳೆ. ಗಿಟಾರ್ ತೊಡೆ ಮೇಲಿಟ್ಟುಕೊಂಡು ಎಲ್ಲಕ್ಕಿಂತ ದಪ್ಪದ ಆರನೇ ತಂತಿ ಮೀಟಿದರೆ ದಬ್ ಅಂತ ಸದ್ದು ಬಂದು ಅಲ್ಲೇ ಸತ್ತಿತು. ಹೊಸದಿದ್ದಾಗ ಇದೇ ತಂತಿ ಮೀಟಿ ಬಿಟ್ಟರೆ ಎಷ್ಟೋ ಹೊತ್ತು ಗುಂಯ್ ಅನ್ನುತ್ತಿತ್ತು. ಬೆರಳಿನಿಂದ ಸವರಿ ನೋಡಿದೆ. ಒರಟು ಒರಟು. ಬೆರಳ ತುದಿಗೆ ಹಸಿರುಗಪ್ಪು ಕಿಲುಬು ಮೆತ್ತಿಕೊಂಡಿತು. ತಂತಿಯ ಕೆಳಭಾಗದಲ್ಲಿ, ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ (ಫ್ರೆಟ್) ತಾಗುವ ಜಾಗದಲ್ಲಿ ಉಗುರು ಎಳೆದರೆ ಸಣ್ಣ ಸಣ್ಣ ಗುಳಿಗಳು ಸಿಕ್ಕವು. ಹಾಕಿ ಐದು ತಿಂಗಳಾಗಿತ್ತು.

"ನಿನ್ನ ಗಿಟಾರ್‌ಗೆ ಶೀತ ಆಗಿದೆಯೇನೇ?" ಅಂದಳು ಅಮ್ಮ ಅಡುಗೆಮನೆಯಿಂದ.

ತಂತಿ ಬದಲಿಸಬೇಕು ಅಂತ ಒಂದು ತಿಂಗಳಿಂದ ಗೊತ್ತಿತ್ತು. ಸುಮ್ನೆ ಮುಂದಕ್ಕೆ ಹಾಕುತ್ತಿದ್ದೆ. ಕಾರಣ ಅದರ ತಲೆ.

ಸಾಮಾನ್ಯ ಅಕೌಸ್ಟಿಕ್ ಗಿಟಾರಿನ ತಲೆ ಅಂದರೆ ಗಟ್ಟಿ ಹಲಗೆ. ಅದರ ಮೇಲೆ ಆರು ಪುಟ್ಟ ಕಂಬಗಳು ನಿಂತಿರುತ್ತವೆ. ಕಂಬಕ್ಕೆ ತಂತಿ ಸುತ್ತಿದರಾಯಿತು, ಕೈಯಾಡಿಸಲು ಬೇಕಾದಷ್ಟು ಜಾಗ ಇರುತ್ತದೆ. ನನ್ನದರ ತಲೆಯಲ್ಲಿ ಉದ್ದಕ್ಕೆ ಎರಡು ಕಿಂಡಿ ಕೊರೆದಿದ್ದಾರೆ. ಒಂದೊಂದು ಕಿಂಡಿಯಲ್ಲೂ ಏಣಿಯ ಮೆಟ್ಟಿಲಿನ ಹಾಗೆ ಮೂರು ರೋಲರ್ ಅಡ್ಡಕ್ಕೆ ಮಲಗಿವೆ. ತಂತಿ ಕುತ್ತಿಗೆಯ ಮೇಲ್ತುದಿಯ ಗೀರುಪಟ್ಟಿ, ಅಂದರೆ ನಟ್, ದಾಟಿ ಕಿಂಡಿಯೊಳಗೆ ಇಳಿದು ರೋಲರಿಗೆ ಸುತ್ತಿಕೊಳ್ಳುತ್ತದೆ. ತಿರುಗಿಸುವ ಕಿವಿಗಳು ತಲೆಯ ಹಿಂದಕ್ಕೆ ಚಾಚಿಕೊಂಡಿವೆ. ಸ್ಲಾಟೆಡ್ ಹೆಡ್‌ಸ್ಟಾಕ್ ಅನ್ನುತ್ತಾರೆ ಇದಕ್ಕೆ. ನನ್ನ ಬಾಯಿಗೆ ಬರೋದು ಕಿಂಡಿ ತಲೆ ಅಂತಲೇ.

ಒಂದು ಕಾಲದಲ್ಲಿ ಇದೇ ರೂಢಿಯಾಗಿತ್ತು. ಕುತ್ತಿಗೆಯ 12ನೇ ಫ್ರೆಟ್ ಹತ್ತಿರ ಒಡಲು ಶುರುವಾಗುವ ಗಿಟಾರುಗಳು, ಅವುಗಳಿಗೆ ಕಿಂಡಿ ತಲೆ. 1929ರಲ್ಲಿ ಪೆರ್ರಿ ಬೆಕ್ಟೆಲ್ ಅನ್ನುವ ಬ್ಯಾಂಜೊ ವಾದಕರು ಕೇಳಿಕೊಂಡರು ಅಂತ ಅಮೆರಿಕದ ಮಾರ್ಟಿನ್ ಕಂಪನಿ ಒಡಲಿನಾಚೆಗೆ 14 ಫ್ರೆಟ್ ಸಿಗುವ ಉದ್ದ ಕುತ್ತಿಗೆಯ ಗಿಟಾರ್ ಮಾಡಿತು. ಅದಕ್ಕೆ ಗಟ್ಟಿ ತಲೆ ಇಟ್ಟರು. ಆಮೇಲೆ ಅದೇ ಎಲ್ಲ ಕಡೆ ಹಬ್ಬಿತು. ಆದರೂ 12 ಫ್ರೆಟ್ಟಿನ ಗಿಟಾರ್ ಬಿಡದೆ ಹಿಡಿದುಕೊಂಡವರು ಇದ್ದಾರೆ. ಕುತ್ತಿಗೆ ಗಿಡ್ಡ ಆದಷ್ಟೂ ತಂತಿಯ ಕೆಳತುದಿ ಹಿಡಿಯುವ ಬ್ರಿಜ್ ಒಡಲಿನ ನಡುಭಾಗಕ್ಕೆ ಸರಿಯುತ್ತದೆ. ಹಲಗೆ ಚೆನ್ನಾಗಿ ಅಲುಗುತ್ತದೆ, ದನಿ ತುಂಬಿಕೊಂಡು ಬೆಚ್ಚಗೆ ಬರುತ್ತದೆ. ನಾನು ಇದನ್ನು ಮೂರು ವರ್ಷದ ಹಿಂದೆ, ಊರು ಬಿಟ್ಟು ಹೋಗುತ್ತಿದ್ದ ಆಫೀಸಿನ ಗೆಳತಿಯಿಂದ ಕೊಂಡುಕೊಂಡೆ. ಒಂದೇ ಸಲ ಮೀಟಿದ್ದು. ಆ ದನಿಗೆ ಸೋತುಹೋದೆ.

ಇನ್ನೊಂದು ಕಾರಣವೂ ಇತ್ತು. ಇದರ ಬೆನ್ನು, ಪಕ್ಕ, ಫ್ರೆಟ್‌ಬೋರ್ಡ್ ಎಲ್ಲ ಬೀಟೆ ಮರದ್ದು. ನಮ್ಮ ಮಲೆನಾಡು, ಕೊಡಗಿನ ಕಾಡುಗಳಲ್ಲಿ ಬೆಳೆಯುವ ಅದೇ ಬೀಟೆ. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿ ಹೊರಗೆ ಕಳಿಸೋದನ್ನು ತಡೆದ ಮೇಲೆ, 1969ರಲ್ಲಿ ಮಾರ್ಟಿನ್ ಭಾರತದ ಬೀಟೆಗೆ ಬಂತು. ಈಗ ಲೋಕದ ಎಷ್ಟೋ ಒಳ್ಳೆಯ ಗಿಟಾರುಗಳ ಬೆನ್ನು ಪಶ್ಚಿಮ ಘಟ್ಟದ ಜಾತಿಯ ಮರದ್ದು. ಬೀಟೆಯಲ್ಲಿ ಆನೆ, ನವಿಲು ಕೂರಿಸುವ ಊರಿನಲ್ಲಿ ಹುಟ್ಟಿದವಳು ನಾನು. ಆ ಕಂದು ಗೆರೆ ಕಂಡರೆ ಕೈ ತಾನಾಗಿ ಸವರುತ್ತದೆ.

ಹೋದ ಸಲದ ಕಥೆ ಹೇಳದಿದ್ದರೆ ಈ ಸಲ ಯಾಕಿಷ್ಟು ಹುಷಾರಾಗಿದ್ದೆ ಅನ್ನೋದು ತಿಳಿಯುವುದಿಲ್ಲ.

ಫೆಬ್ರವರಿಯಲ್ಲಿ ಮೊದಲ ಸಲ ನಾನೇ ತಂತಿ ಬದಲಿಸಲು ಕೂತಿದ್ದೆ. ತಂತಿ ಕೊಳ್ಳಲು ಅಂಗಡಿಗೆ ಹೋಗಿ, ಗುರುತಿಗೆ ಅಂತ ಫೋನಿನಲ್ಲಿದ್ದ ಫೋಟೊ ತೋರಿಸಿದೆ. ಕೌಂಟರಿನ ಹುಡುಗ ತಲೆಯ ಕಿಂಡಿ ನೋಡಿದವನೇ, "ಇದು ಕ್ಲಾಸಿಕಲ್ ಮೇಡಂ, ನೈಲಾನ್ ಹಾಕಬೇಕು," ಅಂತ ನೈಲಾನ್ ಸೆಟ್ ತೆಗೆದುಕೊಟ್ಟ. ನಂಬಿಕೊಂಡು ತಂದೆ. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಸ್ಟೀಲ್ ತಂತಿಗಿರುವ ಹಾಗೆ ತುದಿಯಲ್ಲಿ ಪುಟ್ಟ ಲೋಹದ ಗುಂಡು ಇಲ್ಲ. ನನ್ನ ಗಿಟಾರಿನ ಬ್ರಿಜ್‌ನಲ್ಲಿ ಗಂಟು ಕಟ್ಟಲು ಜಾಗವೇ ಇಲ್ಲ. ಆರು ತೂತು, ಆರು ಪಿನ್ನು. ಮತ್ತೆ ಹೋಗಿ ಬದಲಿಸಿಕೊಂಡು ಬಂದೆ.

ಈ ಗೊಂದಲ ತುಂಬ ಜನಕ್ಕಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕಿಂಡಿ ಇದ್ದ ಮಾತ್ರಕ್ಕೆ ಅದು ನೈಲಾನ್ ಗಿಟಾರ್ ಅಲ್ಲ. ಮೊದಲು ಬ್ರಿಜ್ ನೋಡಿ. ತಂತಿಯನ್ನು ಬ್ರಿಜ್‌ಗೇ ಗಂಟು ಹಾಕಿದ್ದರೆ ನೈಲಾನ್. ಪಿನ್ ಒತ್ತಿ ಕೂರಿಸಿದ್ದರೆ ಸ್ಟೀಲ್. ಆಮೇಲೆ ರೋಲರ್ ನೋಡಿ. ನೈಲಾನ್ ಗಿಟಾರಿನದು ಸಾಮಾನ್ಯವಾಗಿ ಬೆರಳುದಪ್ಪದ ಬಿಳಿ ಪ್ಲಾಸ್ಟಿಕ್. ಸ್ಟೀಲಿನದು ಪೆನ್ಸಿಲಿಗಿಂತ ಸಣ್ಣ ಲೋಹದ ಕಡ್ಡಿ. ನೈಲಾನ್ ತಂತಿ ಸ್ಟೀಲ್ ಗಿಟಾರಿಗೆ ಹಾಕಿದರೆ ದನಿ ಸಪ್ಪೆಯಾಗುತ್ತದೆ, ಅಷ್ಟೇ. ಉಲ್ಟಾ ಮಾಡಿದರೆ ಮಾತ್ರ ಅನಾಹುತ. ನಾನು ಹಾಕುವ ಲೈಟ್ ಸೆಟ್ಟಿನ ಆರು ತಂತಿ ಸೇರಿ ಸುಮಾರು 70 ಕೆ.ಜಿ. ಎಳೆಯುತ್ತವೆ. ಒಬ್ಬ ದೊಡ್ಡ ಮನುಷ್ಯ ಬ್ರಿಜ್ ಹಿಡಿದು ನೇತಾಡಿದ ಹಾಗೆ. ನೈಲಾನಿನ ಎಳೆತ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇರಬಹುದು. ಕ್ಲಾಸಿಕಲ್ ಗಿಟಾರಿಗೆ ಸ್ಟೀಲ್ ಬಿಗಿದರೆ ಬ್ರಿಜ್ ಕಿತ್ತು ಬರಬಹುದು, ಮೇಲಿನ ಹಲಗೆ ಉಬ್ಬಬಹುದು. ದಯವಿಟ್ಟು ಹಾಗೆ ಮಾಡಬೇಡಿ.

ಸರಿ, ಫೆಬ್ರವರಿಯಲ್ಲಿ ಸ್ಟೀಲ್ ತಂತಿಯನ್ನೇ ಹಾಕಿದೆ. ಆದರೆ ಉದ್ದ ಜಾಸ್ತಿ ಬಿಟ್ಟೆ. ಜಾಸ್ತಿ ಸುತ್ತಿದಷ್ಟೂ ಗಟ್ಟಿ ಅಂತ ನನ್ನ ಲೆಕ್ಕ. ಒಂದೊಂದು ರೋಲರಿಗೂ ಏಳೆಂಟು ಸುತ್ತು ಬಿದ್ದು, ಒಂದರ ಮೇಲೊಂದು ಹತ್ತಿ, ದಾರದುಂಡೆ ಥರ ಆಯಿತು. ಶ್ರುತಿ ನಿಲ್ಲಲೇ ಇಲ್ಲ. ಅದಕ್ಕಿಂತ ಕಾಡಿದ್ದು ಒಂದು ಝರ್ ಸದ್ದು. ಐದನೇ ತಂತಿ ಬಿಟ್ಟು ಮೀಟಿದರೆ ಸಾಕು, ಎಲ್ಲಿಂದಲೋ ಜೀರುಂಡೆ ಕೂಗಿದ ಹಾಗೆ. ಫ್ರೆಟ್ ಸವೆದಿದೆಯಾ, ಒಡಲೊಳಗಿನ ಆಸರೆ ಪಟ್ಟಿ (ಬ್ರೇಸ್) ಬಿಟ್ಟಿದೆಯಾ ಅಂತ ಎರಡು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಅಮ್ಮ ಕಿವಿ ಹತ್ತಿರ ತಂದು ಕೇಳಿ, "ಒಡಲಲ್ಲಿ ಏನೂ ಇಲ್ಲ ಕಣೇ. ತಲೆಯಲ್ಲಿದೆ, ನೋಡು," ಅಂದಳು. ಕಿಂಡಿಯೊಳಗೆ ಟಾರ್ಚ್ ಬಿಟ್ಟೆ. ಕತ್ತರಿಸದೆ ಬಿಟ್ಟಿದ್ದ ತಂತಿಯ ಬಾಲ ಕಿಂಡಿಯ ಗೋಡೆಗೆ ತಾಗಿಕೊಂಡಿತ್ತು. ಅದೇ ನಡುಗುತ್ತಿದ್ದದ್ದು.

ಅಮ್ಮ ನಲವತ್ತು ವರ್ಷದಿಂದ ವೀಣೆ ನುಡಿಸುತ್ತಾಳೆ. ತಂತಿ ವಿಷಯದಲ್ಲಿ ಅವಳ ಕಿವಿಯ ಮುಂದೆ ನನ್ನ ಫೋನಿನ ಆ್ಯಪ್ ಯಾವ ಲೆಕ್ಕ.

ಈ ಸಲ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಊಟದ ಮೇಜಿನ ಮೇಲೆ ಹಳೇ ಕಂಬಳಿ ಹಾಸಿದೆ. ಸಾಮಾನು ಜೋಡಿಸಿಕೊಂಡೆ. ಹೊಸ ಸೆಟ್ಟು, ತಂತಿ ಸುತ್ತುವ ಪ್ಲಾಸ್ಟಿಕ್ ವೈಂಡರ್, ಕಟಿಂಗ್ ಪ್ಲೇಯರ್, ಸಣ್ಣ ಮೂತಿಯ ಇನ್ನೊಂದು ಪ್ಲೇಯರ್, ಹಳೇ ಬನಿಯನ್ ಬಟ್ಟೆ, ಪೆನ್ಸಿಲ್, ತಲೆಗೆ ಕಚ್ಚಿಸುವ ಟ್ಯೂನರ್. ಕುತ್ತಿಗೆಯ ಕೆಳಗೆ ಒಂದು ದಪ್ಪ ಟವೆಲ್ ಸುತ್ತಿ ಇಟ್ಟೆ. ಕಿಂಡಿ ತಲೆಗೆ ಇದು ಬೇಕೇ ಬೇಕು. ಕಿವಿಗಳು ಹಿಂದಕ್ಕೆ ಚಾಚಿರುವುದರಿಂದ ಗಿಟಾರ್ ಅಂಗಾತ ಮಲಗಿಸಿದರೆ ಇಡೀ ತಲೆಯ ಭಾರ ಅವುಗಳ ಮೇಲೆ ಬೀಳುತ್ತದೆ. ವೈಂಡರ್ ತಿರುಗಿಸಲೂ ಜಾಗ ಇರುವುದಿಲ್ಲ. ಅದಕ್ಕೆ ತಲೆ ಮೇಜಿನ ಅಂಚಿನಿಂದ ಆಚೆ ಬರುವ ಹಾಗೆ ಇಟ್ಟುಕೊಂಡೆ.

ಮೊದಲು ಎಲ್ಲ ತಂತಿ ಸಡಿಲ ಮಾಡಿದೆ. ಬಿಗಿ ಇರುವ ತಂತಿಯನ್ನು ಕತ್ತರಿಸಬಾರದು, ಚಿಮ್ಮಿ ಮುಖಕ್ಕೆ ಬಂದರೆ ಕಣ್ಣಿಗೇ ಅಪಾಯ. ಜೋತುಬೀಳುವಷ್ಟು ಸಡಿಲ ಆದ ಮೇಲೆ ನಡುವೆ ಕತ್ತರಿಸಿದೆ.

ಅಷ್ಟರಲ್ಲಿ ಅಮ್ಮ ಕಾಫಿ ತಂದಳು. ಆರೂ ತಂತಿ ಬಿಚ್ಚಿದ್ದು ನೋಡಿ ಅವಳಿಗೆ ಗಾಬರಿ.

"ಎಲ್ಲ ಒಟ್ಟಿಗೆ ತೆಗೆದುಬಿಟ್ಯಾ? ಒಂದು ತೆಗೆದು ಒಂದು ಹಾಕಬೇಕು ಕಣೇ."

"ಇದರ ಕುದುರೆ ಅಂಟಿಸಿದ್ದು ಅಮ್ಮ, ಬೀಳಲ್ಲ."

ಅವಳು ಹೇಳಿದ್ದರಲ್ಲಿ ಅರ್ಥ ಇದೆ. ಅವಳ ವೀಣೆಯ ಕುದುರೆ ನಿಂತಿರೋದೇ ತಂತಿಗಳು ಒತ್ತಿ ಹಿಡಿಯುವುದರಿಂದ. ಎಲ್ಲ ಬಿಚ್ಚಿದರೆ ಜಾರುತ್ತದೆ, ಮತ್ತೆ ಅದರ ಜಾಗಕ್ಕೆ ಕೂರಿಸೋದು ದೊಡ್ಡ ಕೆಲಸ. ಗಿಟಾರಿನ ಬ್ರಿಜ್ ಹಲಗೆಗೆ ಅಂಟಿಕೊಂಡಿರುತ್ತದೆ. ಒಂದು ಗಂಟೆ ತಂತಿ ಇಲ್ಲದಿದ್ದರೆ ಕುತ್ತಿಗೆಗೆ ಏನೂ ಆಗುವುದಿಲ್ಲ.

ಅದೂ ಅಲ್ಲದೆ, ಕಿಂಡಿ ತಲೆಯಲ್ಲಿ ಒಂದೊಂದಾಗಿ ಬದಲಿಸಲು ಹೋದರೆ ಒದ್ದಾಟ. ನಾಲ್ಕನೇ ತಂತಿ ಹೋಗಿ ಸೇರೋದು ತಲೆಯ ತುದಿಯ ರೋಲರಿಗೆ. ಹೋಗುವ ದಾರಿಯಲ್ಲಿ ಅದು ಆರನೆಯದರ, ಐದನೆಯದರ ರೋಲರ್ ಮೇಲಿಂದಲೇ ಹಾದುಹೋಗುತ್ತದೆ. ಅದು ಇರುವಾಗ ಕೆಳಗಿನ ರೋಲರಿನ ತೂತಿಗೆ ತಂತಿ ಪೋಣಿಸಬೇಕಂದರೆ ಬೆರಳೇ ಹೋಗೋದಿಲ್ಲ. ಇದು ನನಗೆ ಫೆಬ್ರವರಿಯಲ್ಲಿ ಹೊಳೆದಿರಲಿಲ್ಲ. ಎಲ್ಲ ತೆಗೆದು, ನಟ್‌ಗೆ ಹತ್ತಿರದ ರೋಲರಿನಿಂದ ಶುರು ಮಾಡಿ ತುದಿಯ ಕಡೆ ಹೋದರೆ ದಾರಿ ಸಲೀಸು. ಒಂದು ಕಡೆ ಆರು, ಐದು, ನಾಲ್ಕು. ಇನ್ನೊಂದು ಕಡೆ ಒಂದು, ಎರಡು, ಮೂರು.

ಬ್ರಿಜ್ ಪಿನ್ನುಗಳಲ್ಲಿ ಐದು ವೈಂಡರಿನ ಕಚ್ಚಿಗೆ ಸಿಕ್ಕಿ ಸುಲಭವಾಗಿ ಬಂದವು. ಮೂರನೆಯದು ಜಪ್ಪಯ್ಯ ಅನ್ನಲಿಲ್ಲ. ಪ್ಲೇಯರ್ ಹಾಕಿ ಎಳೆದರೆ ಪ್ಲಾಸ್ಟಿಕ್ ತಲೆ ಮುರಿಯುತ್ತದೆ. ಒಡಲಿನ ದುಂಡನೆ ದನಿ ತೂತಿನೊಳಗೆ ಕೈ ಹಾಕಿ, ಒಂದು ರೂಪಾಯಿ ನಾಣ್ಯದ ಅಂಚಿನಿಂದ ಒಳಗಿನಿಂದ ಮೇಲಕ್ಕೆ ಒತ್ತಿದೆ. ಟಕ್ ಅಂತ ಎದ್ದಿತು. ಬಂದ ಪಿನ್ನುಗಳನ್ನು ಅದೇ ಕ್ರಮದಲ್ಲಿ ಸಾಲಾಗಿ ಇಟ್ಟೆ. ಸವೆದು ಸವೆದು ಒಂದೊಂದು ಪಿನ್ನೂ ತನ್ನ ತೂತಿಗೆ ಒಗ್ಗಿಕೊಂಡಿರುತ್ತದೆ.

ಹಳೇ ತಂತಿಗಳನ್ನು ಸುರುಳಿ ಸುತ್ತಿ, ಪೇಪರಿನಲ್ಲಿ ಮಡಿಸಿ, ಟೇಪ್ ಹಚ್ಚಿದೆ. ಅದರ ತುದಿ ಸೂಜಿಗಿಂತ ಚೂಪು. ಹಾಗೇ ಕಸಕ್ಕೆ ಹಾಕಿದರೆ ಬೆಳಿಗ್ಗೆ ಕಸ ಬೇರೆ ಮಾಡುವ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಬೋಳು ಫ್ರೆಟ್‌ಬೋರ್ಡ್ ನೋಡಲು ಸಿಗೋದು ಇಂಥ ದಿನ ಮಾತ್ರ. ಮೊದಲ ಮೂರು ಫ್ರೆಟ್ಟಿನ ಪಕ್ಕದಲ್ಲಿ ಬೆವರಿನ ಜಿಡ್ಡು ಬೂದುಬಣ್ಣಕ್ಕೆ ಗಟ್ಟಿಯಾಗಿತ್ತು. ಬಟ್ಟೆಯನ್ನು ಸ್ವಲ್ಪವೇ ಒದ್ದೆ ಮಾಡಿ ಉಜ್ಜಿದೆ, ಒಣಬಟ್ಟೆಯಲ್ಲಿ ಒರೆಸಿದೆ. ಆಮೇಲೆ ಫ್ರೆಟ್‌ಬೋರ್ಡಿಗೆ ಅಂತಲೇ ಮಾರುವ ಲೆಮನ್ ಆಯಿಲ್ ನಾಲ್ಕು ಹನಿ. ಒಣಗಿ ಬಿಳಚಿಕೊಂಡಿದ್ದ ಬೀಟೆ ನೋಡನೋಡುತ್ತ ಕಪ್ಪುಗಂದಾಗಿ ಎದ್ದು ಬಂತು. ಮರದ ಗೆರೆಗಳು ಒಂದೊಂದೂ ಕಾಣಿಸಿದವು. ಹತ್ತು ನಿಮಿಷ ಬಿಟ್ಟು ಉಳಿದ ಎಣ್ಣೆ ಒರೆಸಿಬಿಟ್ಟೆ. ವರ್ಷಕ್ಕೆ ಒಂದೆರಡು ಸಲ ಸಾಕು. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅದು ಜಿಡ್ಡು ಕಟ್ಟುತ್ತದೆ. ನಟ್ಟಿನ ಆರು ಗೀರುಗಳಲ್ಲಿ ಪೆನ್ಸಿಲ್ ಮೊನೆ ಆಡಿಸಿದೆ. ಆ ಗ್ರಾಫೈಟ್ ಪುಡಿಯಿಂದ ತಂತಿ ಕಚ್ಚಿಕೊಳ್ಳದೆ ಜಾರುತ್ತದೆ. ಕಿಂಡಿ ತಲೆಯಲ್ಲಿ ತಂತಿ ನಟ್ ದಾಟಿದ ತಕ್ಷಣ ಕಡಿದಾಗಿ ಕೆಳಗಿಳಿಯುತ್ತದಲ್ವಾ, ಒತ್ತಡ ಅಲ್ಲೇ ಜಾಸ್ತಿ.

ಹೊಸ ಸೆಟ್ ಡಿ'ಅಡ್ಡಾರಿಯೊ ಕಂಪನಿಯ ಫಾಸ್ಫರ್ ಬ್ರಾಂಜ್. ದಪ್ಪ ತಂತಿಗಳಲ್ಲಿ ಉಕ್ಕಿನ ಎಳೆಯ ಮೇಲೆ ತಾಮ್ರ ಜಾಸ್ತಿ, ಸ್ವಲ್ಪ ತವರ, ಚೂರು ರಂಜಕ ಸೇರಿದ ಸುತ್ತು. 1974ರಲ್ಲಿ ಗಿಟಾರ್ ತಂತಿಗೆ ಇದನ್ನು ತಂದವರು ಅವರೇ. ಅದಕ್ಕೂ ಮೊದಲಿನ 80/20 ಬ್ರಾಂಜ್‌ನಲ್ಲಿ ತಾಮ್ರದ ಜೊತೆ ಸತು ಇರುತ್ತದೆ. ದನಿ ಚುರುಕು, ಆದರೆ ಬೆವರಿಗೆ ಬೇಗ ಮಂಕಾಗುತ್ತದೆ. ನನ್ನ ಕೈ ಬೆವರುವುದು ಜಾಸ್ತಿ, ಅದಕ್ಕೆ ಫಾಸ್ಫರ್ ಬ್ರಾಂಜ್ ಹಿಡಿದೆ. ಪೊಟ್ಟಣ ಒಡೆದರೆ ಆರೂ ತಂತಿ ಒಟ್ಟಿಗೆ ಸುತ್ತಿಕೊಂಡಿವೆ. ಯಾವುದು ಯಾವುದು ಅಂತ ತುದಿಯ ಗುಂಡಿನ ಬಣ್ಣ ನೋಡಿ ಕಂಡುಹಿಡಿಯಬೇಕು. ಆರನೇ ತಂತಿಯಿಂದ ಒಂದನೆಯದಕ್ಕೆ ಸ್ವರದ ಹೆಸರಿನಲ್ಲಿ ಹೇಳಿದರೆ, ದಪ್ಪ ಇ ಹಿತ್ತಾಳೆ ಬಣ್ಣ, ಎ ಕೆಂಪು, ಡಿ ಕಪ್ಪು, ಜಿ ಹಸಿರು, ಬಿ ನೇರಳೆ, ಸಣ್ಣ ಇ ಬೆಳ್ಳಿ. ಬಳೆ ಅಂಗಡಿಯ ಮಣಿಗಳ ಹಾಗೆ.

ಆರನೇ ತಂತಿಯಿಂದ ಶುರು. ಗುಂಡಿನ ಹತ್ತಿರ ತಂತಿಯನ್ನು ಚೂರು ಬಗ್ಗಿಸಿ ತೂತಿಗೆ ಬಿಟ್ಟೆ. ಪಿನ್ನಿನ ಗೀರು ತಂತಿಯ ಕಡೆ ಇರುವ ಹಾಗೆ ಮೇಲಿಂದ ಇಟ್ಟು, ಮೆತ್ತಗೆ ಒತ್ತುತ್ತಲೇ ತಂತಿಯನ್ನು ಮೇಲಕ್ಕೆ ಎಳೆದೆ. ಒಳಗೆ ಗುಂಡು ಪಿನ್ನಿನ ತುದಿಯಲ್ಲಿ ಕೂತರೆ, ಬಿಗಿ ಏರಿದಾಗ ಪಿನ್ ಬಾಣದ ಹಾಗೆ ಹಾರುತ್ತದೆ. ಗುಂಡು ಪಕ್ಕಕ್ಕೆ ಸರಿದು ಒಳಗಿನ ಬ್ರಿಜ್ ಪ್ಲೇಟಿಗೆ ಆನಿಕೊಳ್ಳಬೇಕು. ಎಳೆದಾಗ ಗಟ್ ಅಂತ ಒಂದು ಸಣ್ಣ ತಡೆ ಕೈಗೆ ಗೊತ್ತಾಗುತ್ತದೆ. ಅನುಮಾನ ಇದ್ದರೆ ಫೋನಿನ ಕ್ಯಾಮೆರಾ ಒಳಗೆ ತೂರಿಸಿ ಫೋಟೊ ತೆಗೆದರೆ ಕಾಣಿಸುತ್ತದೆ. ನಾನು ಆರೂ ತಂತಿಗೆ ತೆಗೆದು ನೋಡಿದೆ.

ಇನ್ನು ಕಿಂಡಿಯ ಕೆಲಸ. ಇಲ್ಲಿ ಆತುರ ಪಟ್ಟರೆ ಆಗೋದಿಲ್ಲ.

ರೋಲರನ್ನು ತಿರುಗಿಸಿ ಅದರ ತೂತು ಮೇಲಕ್ಕೆ, ಸ್ವಲ್ಪ ನಟ್ ಕಡೆಗೆ ಮುಖ ಮಾಡುವ ಹಾಗೆ ನಿಲ್ಲಿಸಿದೆ. ಈಗ ತಂತಿಯ ತುದಿ ಮೇಲಿಂದ ಪೋಣಿಸಿದರೆ ತಲೆಯ ಹಿಂಬದಿಯಿಂದ ಹೊರಗೆ ಬರುತ್ತದೆ. ಹಿಂದಿನಿಂದ ಪೂರ್ತಿ ಎಳೆದು ತಂತಿ ನೆಟ್ಟಗೆ ಮಾಡಿದೆ. ಆಮೇಲೆ ಎಷ್ಟು ವಾಪಸ್ ಬಿಡಬೇಕು ಅನ್ನೋದೇ ಇಡೀ ಕೆಲಸದ ಗುಟ್ಟು. ಒಂದು ರೋಲರಿನಿಂದ ಪಕ್ಕದ ರೋಲರಿಗೆ ಎಷ್ಟು ದೂರವೋ ಅಷ್ಟು ಬಿಟ್ಟೆ. ನನ್ನ ಗಿಟಾರಿನಲ್ಲಿ ಅದು 35 ಮಿ.ಮೀ. ರೋಲರಿನ ದಪ್ಪ 6 ಮಿ.ಮೀ., ಒಂದು ಸುತ್ತಿಗೆ 19 ಮಿ.ಮೀ. ತಂತಿ ಬೇಕು. ಅಂದರೆ ಸುಮಾರು ಎರಡು ಸುತ್ತು. ದಪ್ಪ ತಂತಿಗೆ ಅಷ್ಟು ಸಾಕು. ಬ್ರಾಂಜ್ ಸುತ್ತಿಲ್ಲದ ಬೋಳು ತಂತಿಗಳು, ಅಂದರೆ ಬಿ ಮತ್ತು ಸಣ್ಣ ಇ, ಜಾರುವ ಜಾತಿ. ಅವಕ್ಕೆ ಇದರ ಎರಡರಷ್ಟು ಬಿಟ್ಟು ನಾಲ್ಕು ಸುತ್ತು ಕೊಟ್ಟೆ.

ಅಳತೆ ಕೆಡದ ಹಾಗೆ ಎಡಗೈ ಹೆಬ್ಬೆರಳಿನಿಂದ ತಂತಿಯನ್ನು ರೋಲರಿಗೆ ಒತ್ತಿ ಹಿಡಿದು, ಹಿಂದೆ ಬಂದ ಬಾಲವನ್ನು ಸಣ್ಣ ಮೂತಿಯ ಪ್ಲೇಯರಿನಿಂದ ಚೂಪಾಗಿ ಮಡಚಿದೆ. ಇದು ಬೀಗದ ಹಾಗೆ ಹಿಡಿದುಕೊಳ್ಳುತ್ತದೆ. ಮಡಚುವ ಮೊದಲೇ ದಪ್ಪ ತಂತಿಯ ಬಾಲ ಕತ್ತರಿಸಬಾರದು. ಒಳಗಿನ ಉಕ್ಕಿನ ಎಳೆ ಮೇಲಿನ ಬ್ರಾಂಜ್ ಸುತ್ತು ಬಿಟ್ಟುಕೊಂಡರೆ ತಂತಿ ಪೂರ್ತಿ ಮಂಕಾಗುತ್ತದೆ.

ಈಗ ಸುತ್ತೋದು. ತಂತಿ ರೋಲರಿನ ಮೇಲ್ಬದಿಯಿಂದ ಹೋಗಬೇಕು. ಅಡಿಯಿಂದ ಹೋದರೆ ಕಿಂಡಿಯ ಅಂಚಿಗೆ ಉಜ್ಜುತ್ತದೆ. ಬಲಗೈ ಬೆರಳಿನಿಂದ ನಟ್ ಹತ್ತಿರ ತಂತಿ ಎತ್ತಿ ಸ್ವಲ್ಪ ಬಿಗಿ ಹಿಡಿದುಕೊಂಡೆ, ಎಡಗೈಯಲ್ಲಿ ವೈಂಡರ್. ಒಂದು ಸುತ್ತು ಬಿತ್ತು. ಎರಡನೆಯದು ಅದರ ಮಗ್ಗುಲಿಗೇ ಬಂದು ಕೂತಿತು, ಮೇಲೆ ಹತ್ತಲಿಲ್ಲ. ಎರಡು ಬಳೆ ಪಕ್ಕಪಕ್ಕ ಇಟ್ಟ ಹಾಗೆ. ಅದನ್ನು ನೋಡಿ ಆದ ಖುಷಿ ಇವತ್ತಿಗೂ ನೆನಪಿದೆ.

ಸುತ್ತು ಯಾವ ಕಡೆಗೆ ಸಾಗಬೇಕು ಅನ್ನೋದೂ ಮುಖ್ಯ. ಎರಡು ಇ ತಂತಿಗಳು ನಟ್ಟಿನ ಅಂಚಿನಲ್ಲಿವೆ. ಅವುಗಳ ಸುತ್ತು ತೂತಿನಿಂದ ತಲೆಯ ಹೊರಗಡೆಗೆ ಸಾಗಲಿ. ನಡುವಿನ ಡಿ ಮತ್ತು ಜಿ ತಂತಿಗಳದು ಒಳಗಡೆಗೆ, ತಲೆಯ ನಡುಪಟ್ಟಿಯ ಕಡೆಗೆ. ಎ ಮತ್ತು ಬಿ ಎತ್ತ ನೆಟ್ಟಗೆ ಬರುತ್ತವೋ ಅತ್ತ. ಹೀಗೆ ಮಾಡಿದರೆ ನಟ್ಟಿನಿಂದ ರೋಲರಿಗೆ ತಂತಿ ಹೆಚ್ಚು ಸೊಟ್ಟ ಆಗದೆ ಹೋಗುತ್ತದೆ, ಕಿಂಡಿಯ ಗೋಡೆಗೂ ತಾಗೋದಿಲ್ಲ, ಪಕ್ಕದ ಸುತ್ತಿಗೂ ಉಜ್ಜೋದಿಲ್ಲ. ಜಿ ತಂತಿ ಮೊದಲ ಸಲ ಹೊರಗಡೆಗೇ ಹೊರಟಿತು. ಬಿಚ್ಚಿ ಮತ್ತೆ ಹಾಕಿದೆ. ಮಡಚಿದ ಜಾಗವನ್ನು ಪದೇ ಪದೇ ಬಗ್ಗಿಸಿದರೆ ಅಲ್ಲೇ ತುಂಡಾಗುತ್ತದೆ. ಅದಕ್ಕೇ ಎರಡನೇ ಸಲ ಉಸಿರು ಬಿಗಿಹಿಡಿದು ಮಾಡಿದೆ.

ಆರೂ ಮುಗಿದಾಗ ಒಂದೂವರೆ ಗಂಟೆ ಕಳೆದಿತ್ತು. ಕಾಫಿ ಆರಿಹೋಗಿತ್ತು. ಟ್ಯೂನರ್ ಕಚ್ಚಿಸಿ ಶ್ರುತಿಗೆ ಏರಿಸಿದೆ. ಒಂದೇ ಸಲಕ್ಕೆ ಒಂದು ತಂತಿಯನ್ನು ಪೂರ್ತಿ ಬಿಗಿಯದೆ, ಎಲ್ಲವನ್ನೂ ಅರ್ಧರ್ಧ ಏರಿಸಿ ಆಮೇಲೆ ಗುರಿಗೆ ತಂದೆ. ಹೊಸ ತಂತಿ ಹಿಗ್ಗುತ್ತದೆ, ಸುತ್ತುಗಳು ರೋಲರಿನ ಮೇಲೆ ಬಿಗಿದುಕೊಳ್ಳುತ್ತವೆ, ಗುಂಡು ಮರಕ್ಕೆ ಕೂರುತ್ತದೆ. ಅದಕ್ಕೆ 12ನೇ ಫ್ರೆಟ್ ಹತ್ತಿರ ಒಂದೊಂದು ತಂತಿಯನ್ನೂ ಮೆತ್ತಗೆ ಎತ್ತಿ ಎಳೆದು, ಮತ್ತೆ ಶ್ರುತಿ ಮಾಡಿದೆ. ಮೊದಲ ಸಲ ಎಳೆದಾಗ ಅರ್ಧ ಸ್ವರ ಇಳಿಯಿತು. ನಾಲ್ಕನೇ ಸಲಕ್ಕೆ ಮುಳ್ಳು ಕದಲಲಿಲ್ಲ. ಶ್ರುತಿ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿಯೇ ಮುಟ್ಟಬೇಕು. ಮೇಲಿಂದ ಇಳಿಸಿದರೆ ಗೇರಿನ ಹಲ್ಲುಗಳ ನಡುವಿನ ಸಡಿಲದಲ್ಲಿ ತಂತಿ ನಿಧಾನ ಜಾರುತ್ತದೆ.

ಎಲ್ಲ ನಿಂತ ಮೇಲೆ ಬಾಲ ಕತ್ತರಿಸಿದೆ. ಎರಡು ಮಿ.ಮೀ. ಮಾತ್ರ ಉಳಿಸಿ, ಅದರ ತುದಿಯನ್ನು ಕಿಂಡಿಯ ಗೋಡೆಗೆ ತಾಗದ ಹಾಗೆ ಕೆಳಕ್ಕೆ ಬಗ್ಗಿಸಿದೆ. ಒಂದೊಂದನ್ನೂ ಟಾರ್ಚ್ ಹಾಕಿ ನೋಡಿದೆ. ಆಮೇಲೆ ಐದನೇ ತಂತಿ ಮೀಟಿ ಕಿವಿಯನ್ನು ತಲೆಗೆ ಹಚ್ಚಿದೆ. ಜೀರುಂಡೆ ಇಲ್ಲ. ನುಣ್ಣನೆ ದನಿ.

ಸಂಜೆ ಅಮ್ಮ ವೀಣೆ ಹಿಡಿದು ಕೂತಳು. ಅವಳ ಶ್ರುತಿ ಮೂರು ಮನೆ, ಅಂದರೆ ಇ. ನನ್ನ ಗಿಟಾರಿನ ಮೊದಲ ಮತ್ತು ಕೊನೆಯ ತಂತಿಗಳು ಅವಳಿಗೆ ಷಡ್ಜ. ಬಿ ಅವಳ ಪಂಚಮ, ಎ ಶುದ್ಧ ಮಧ್ಯಮ. ಜಿ ಸಾಧಾರಣ ಗಾಂಧಾರ, ಡಿ ಕೈಶಿಕಿ ನಿಷಾದ. ಹಾಗಾಗಿ ಬಿಟ್ಟ ತಂತಿಗಳನ್ನು ನಾನು ಮೀಟುತ್ತ ಹೋದರೆ ಅವಳ ಕಿವಿಗೆ ಅದು ಸ್ವರಗಳಾಗಿಯೇ ಕೇಳುತ್ತದೆ. ನಾನು ಮೆಲ್ಲಗೆ ಆರೂ ತಂತಿ ಮೀಟಿದೆ. ಆರನೆಯದು ಗುಂಯ್ ಅಂತ ಹೊರಟು ಬಾಗಿಲವರೆಗೂ ಹೋಯಿತು. ಬೆನ್ನಿನ ಬೀಟೆ ಹೊಟ್ಟೆಗೆ ತಾಗಿ ನಡುಗಿತು.

ಅಮ್ಮ ಸಾರಣೆ ತಂತಿಯ ಮೇಲೆ ಬೆರಳಿಟ್ಟಿದ್ದವಳು ಹಾಗೇ ನಿಲ್ಲಿಸಿದಳು.

"ಚೆನ್ನಾಗಿದೆ ಕಣೇ. ಇನ್ನೊಂದು ಸಲ ಮೀಟು."

ಮೀಟಿದೆ.

"ಗಾಂಧಾರ ಒಂದು ಎಳೆ ಇಳಿದಿದೆ."

ಟ್ಯೂನರ್ ಹಚ್ಚಿ ನೋಡಿದೆ. ಎರಡು ಸಲ ಹಾಕಿದ ಜಿ ತಂತಿ ಮಧ್ಯಾಹ್ನದಿಂದ ಕೂದಲೆಳೆಯಷ್ಟು ಹಿಗ್ಗಿತ್ತು. ಹಿಂದಕ್ಕೆ ಕೈ ಹಾಕಿ ಕಿವಿ ಹಿಡಿದು ಕಾಲು ಸುತ್ತು ಏರಿಸಿದೆ. ಅಮ್ಮ ತಲೆಯಾಡಿಸಿ ಷಡ್ಜ ಮೀಟಿದಳು.